ಲುವಾಂಗ್ ಪ್ರಬಾಂಗ್: ಬೆಳಗಿನ ಭಿಕ್ಷೆ, ಬೆಳಗಿನ ಸಂತೆ. ಹೋಗಿ ಬಂದವರು ಹೇಳಿ, ಹೋಗುವವರು ಕೇಳಿ

ತುಂಗಾತೀರ

ಹೋದ ವಾರ ಇಲ್ಲೇ ಒಬ್ಬರು ಕೇಳಿದ್ದರು: "ಲುವಾಂಗ್ ಪ್ರಬಾಂಗ್‌ನಲ್ಲಿ ಭಿಕ್ಷುಗಳಿಗೆ ಅನ್ನ ಕೊಡುವ ಕಾರ್ಯಕ್ರಮ ಎಷ್ಟು ಗಂಟೆಗೆ ಶುರು?" ಪ್ರಶ್ನೆಯಲ್ಲಿ ತಪ್ಪೇನೂ ಇಲ್ಲ. ಆದರೆ "ಕಾರ್ಯಕ್ರಮ" ಅನ್ನುವ ಮಾತು ಚುಚ್ಚಿತು. ನಾನೂ 2023ರ ಜನವರಿಯಲ್ಲಿ ಅದೇ ಮಾತು ಹೇಳಿಕೊಂಡೇ ಅಲ್ಲಿಗೆ ಹೋಗಿದ್ದೆ. ಐದು ದಿನ ಇದ್ದೆ. ವಾಪಸ್ ಬರುವ ಹೊತ್ತಿಗೆ ಆ ಮಾತು ಬಾಯಿಗೆ ಬರುತ್ತಿರಲಿಲ್ಲ. ಅದಕ್ಕೇ ಈ ಎಳೆ ತೆರೆದಿದ್ದೇನೆ.

ಊರಿನ ಬಗ್ಗೆ ನಾಲ್ಕು ಮಾತು. ಉತ್ತರ ಲಾವೋಸ್‌ನಲ್ಲಿ ಮೇಕಾಂಗ್ ನದಿಗೆ ನಾಮ್ ಖಾನ್ ಅನ್ನುವ ಚಿಕ್ಕ ನದಿ ಬಂದು ಸೇರುತ್ತದೆ. ಎರಡರ ನಡುವೆ ನಾಲಿಗೆಯ ಹಾಗೆ ಚಾಚಿಕೊಂಡ ನೆಲ. ಅದರ ಮೇಲೆ ಹಳೇ ಊರು. 1353ರಲ್ಲಿ ಫಾ ಙುಮ್ ಕಟ್ಟಿದ ಲಾನ್ ಸಾಂಗ್ ರಾಜ್ಯದ ರಾಜಧಾನಿ ಇದೇ. 1995ರಿಂದ ಯುನೆಸ್ಕೋ ವಿಶ್ವ ಪರಂಪರೆಯ ಪಟ್ಟಿಯಲ್ಲಿದೆ. ಇಡೀ ಹಳೇ ಊರನ್ನು ನಡೆದೇ ಸುತ್ತಬಹುದು. ಎಲ್ಲಿ ತಿರುಗಿದರೂ ಒಂದು ವತ್ ಸಿಗುತ್ತದೆ. ವತ್ ಅಂದರೆ ಗುಡಿಯೂ ಹೌದು, ಭಿಕ್ಷುಗಳು ಇರುವ ಮಠವೂ ಹೌದು.

ಬೆಳಗಿನ ಭಿಕ್ಷೆಗೆ ತಕ್ ಬಾತ್ ಅನ್ನುತ್ತಾರೆ. ಬೆಳಕು ಹರಿಯುವ ಮೊದಲೇ ಬೀದಿಯ ಅಂಚಿನಲ್ಲಿ ಚಾಪೆ ಬೀಳುತ್ತದೆ. ಮನೆಯ ಹೆಂಗಸರು ಮಂಡಿಯೂರಿ ಕೂರುತ್ತಾರೆ. ಎಡ ಹೆಗಲ ಮೇಲೆ ಒಂದು ಪಟ್ಟೆ ಬಟ್ಟೆ. ಮಡಿಲ ಹತ್ತಿರ ಬಿದಿರಿನ ಪುಟ್ಟ ಬುಟ್ಟಿ, ಅದರಲ್ಲಿ ಬಿಸಿ ಬಿಸಿ ಅಂಟಕ್ಕಿ ಅನ್ನ. ಒಂದೊಂದು ವತ್‌ನಿಂದಲೂ ಭಿಕ್ಷುಗಳು ಸಾಲಾಗಿ ಬರುತ್ತಾರೆ. ಹಿರಿಯರು ಮುಂದೆ, ಹನ್ನೊಂದು ಹನ್ನೆರಡು ವರ್ಷದ ಹುಡುಗರು ಕೊನೆಗೆ. ಬರಿಗಾಲು. ಹೆಗಲಿಂದ ಇಳಿಬಿದ್ದ ಪಾತ್ರೆ. ಮುಚ್ಚಳ ತೆರೆಯುತ್ತದೆ, ಒಂದು ಚಿಟಿಕೆ ಅನ್ನ ಬೀಳುತ್ತದೆ, ಮುಚ್ಚುತ್ತದೆ. ಯಾರೂ ಮಾತಾಡುವುದಿಲ್ಲ. "ಥ್ಯಾಂಕ್ಸ್" ಅನ್ನುವ ಮುಖವೂ ಇಲ್ಲ, "ಕೊಟ್ಟೆ" ಅನ್ನುವ ಮುಖವೂ ಇಲ್ಲ.

ಮೊದಲ ದಿನ ನಾನು ಮಾಡಿದ್ದು ತಪ್ಪು. ದೊಡ್ಡ ಬೀದಿಯಲ್ಲಿ ತಿರುಗಾಡಿ ಮಾರುವ ಒಬ್ಬರಿಂದ ಬುಟ್ಟಿ ಅನ್ನ ಕೊಂಡೆ. ಚಾಪೆಯನ್ನೂ ಅವರೇ ಹಾಸಿಕೊಟ್ಟರು. ಒಂದು ಕೈಯಲ್ಲಿ ಅನ್ನ, ಇನ್ನೊಂದರಲ್ಲಿ ಫೋನು. ಹತ್ತೇ ನಿಮಿಷದಲ್ಲಿ ಮುಗಿಯಿತು. ಉಳಿದ ಅನ್ನವನ್ನು ರೂಮಿಗೆ ತಂದೆ. ನಾನಿದ್ದ ಮನೆಯ ಯಜಮಾನಿ ಬುಟ್ಟಿ ತೆಗೆದು ನೋಡಿದರು. ಎರಡು ಬೆರಳಲ್ಲಿ ಹಿಸುಕಿದರು, ಮೂಸಿದರು, ಏನೂ ಹೇಳದೆ ಕೋಳಿಗಳಿಗೆ ಹಾಕಿದರು. ಅದು ಹಿಂದಿನ ದಿನದ ಅನ್ನ. ಒಳಗೆ ಗಟ್ಟಿಯಾಗಿತ್ತು, ಹುಳಿ ವಾಸನೆ ಹಿಡಿದಿತ್ತು.

ಆಮೇಲೆ ಅವರಿಗೆ ಬರುವ ಇಂಗ್ಲಿಷಿನಲ್ಲಿ ಹೇಳಿದರು. ಆ ಪಾತ್ರೆಗೆ ಬಿದ್ದದ್ದೇ ಭಿಕ್ಷುಗಳ ಊಟ. ಮಧ್ಯಾಹ್ನ ಆದ ಮೇಲೆ ಅವರು ತಿನ್ನುವ ಹಾಗಿಲ್ಲ. ನೀನು ಕೊಟ್ಟ ಅನ್ನವನ್ನು ಈಗ ಯಾವುದೋ ಹುಡುಗ ತಿನ್ನುತ್ತಿರುತ್ತಾನೆ.

ಅಷ್ಟೇ ಹೇಳಿದ್ದು. ಅವತ್ತು ನನಗೆ ತಿಂಡಿ ಗಂಟಲಲ್ಲಿ ಇಳಿಯಲಿಲ್ಲ.

ಎರಡನೇ ದಿನ ರಸ್ತೆಯ ಆಚೆ ಬದಿಗೆ, ಗೋಡೆಗೆ ಒರಗಿ ನಿಂತೆ. ಫೋನು ರೂಮಿನಲ್ಲೇ ಬಿಟ್ಟಿದ್ದೆ. ಮೂರನೇ ದಿನ ನಾಲ್ಕು ಗಂಟೆಗೆ ಯಜಮಾನಿಯೇ ಬಾಗಿಲು ಬಡಿದು ಎಬ್ಬಿಸಿದರು. ರಾತ್ರಿ ನೆನೆಹಾಕಿದ ಅಕ್ಕಿಯನ್ನು ಗೋಪುರದಂಥ ಬಿದಿರಿನ ಬುಟ್ಟಿಗೆ ಸುರಿದರು. ಸೊಂಟ ಸಣ್ಣಗಿರುವ ಒಂದು ಪಾತ್ರೆಯ ಬಾಯಿಗೆ ಅದನ್ನು ಕೂರಿಸಿದರು. ಆವಿ ಬಂತು. ನಡುವೆ ಒಮ್ಮೆ ಬುಟ್ಟಿಯನ್ನು ಜೋರಾಗಿ ಕುಲುಕಿದರು. ಅನ್ನದ ಮುದ್ದೆ ಪೂರ್ತಿ ಮಗುಚಿ ಬಿತ್ತು, ಕೆಳಗಿನದು ಮೇಲಾಯಿತು. ಹಲಗೆಯ ಮೇಲೆ ಹರಡಿ ಬಿಸಿ ಆರಿಸಿ ಬುಟ್ಟಿಗೆ ತುಂಬಿದರು. ಅದರಲ್ಲಿ ಅರ್ಧ ನನ್ನ ಬುಟ್ಟಿಗೆ ಬಂತು.

ಇದನ್ನು ಓದಿ ಯಾರಾದರೂ ಒಬ್ಬರು ಬೀದಿಯ ಆ ಅನ್ನ ಕೊಳ್ಳದೆ ಉಳಿದರೂ ನನಗೆ ಸಮಾಧಾನ. ಸಂತೆಯ ಬಗ್ಗೆ ಬೇರೆಯವರು ಬರೆಯಲಿ, ನಾನೂ ಸೇರುತ್ತೇನೆ.

ಅಕ್ಕಿರೊಟ್ಟಿ

ಆ ಪ್ರಶ್ನೆ ಕೇಳಿದ್ದು ನಾನೇ. ಬೇಜಾರಿಲ್ಲ, ಒಳ್ಳೇದೇ ಆಯಿತು. ನಾವು ಹೋಗುವುದು ನಾನು ಮತ್ತು ಅಮ್ಮ. ಅಮ್ಮನಿಗೆ 67. ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಬೆಳಗಿನ ಸಂತೆಯಲ್ಲಿ ಅವರಿಗೆ ತಿನ್ನಲು ಏನಾದರೂ ಸಿಗುತ್ತದಾ? ಮಾಂಸದ ವಾಸನೆ ತಡೆದುಕೊಳ್ಳುತ್ತಾರಾ ಅನ್ನುವ ಭಯವೂ ಇದೆ.

ಕರಾವಳಿ ಕಾಗೆ

ಸಂತೆ ಅಂದರೆ ನನ್ನ ಜೀವ. 2018ರಲ್ಲಿ ಒಂಬತ್ತು ದಿನ ಇದ್ದೆ, ಒಂಬತ್ತು ದಿನವೂ ಸಂತೆಗೆ ಹೋದೆ. ನಾನು ಕಂಡದ್ದನ್ನು ಹೇಳುತ್ತೇನೆ.

ಹಳೇ ಅರಮನೆಯ ಪಕ್ಕದಲ್ಲಿ ವತ್ ಮೈ ಅಂತ ಒಂದು ಗುಡಿ ಇದೆ. ಅದರ ಪಕ್ಕದ ಓಣಿಯಲ್ಲಿ ಸಂತೆ ಶುರುವಾಗಿ ಮೇಕಾಂಗ್ ಕಡೆಗೆ ಇಳಿಯುತ್ತಿತ್ತು. ಓಣಿ ಕಿರಿದು. ಎರಡೂ ಬದಿ ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ಬಾಳೆ ಎಲೆ ಹರಡಿ ಕೂತಿರುತ್ತಾರೆ. ಗುಡ್ಡದ ಮೇಲಿನ ಹಳ್ಳಿಗಳಿಂದ ಹ್ಮಾಂಗ್, ಖಮು ಜನ ಸೊಪ್ಪು, ಬಿದಿರಿನ ಕಳಲೆ, ಬಾಳೆಹೂವು, ಕಾಡಿನ ಅಣಬೆ ತರುತ್ತಾರೆ. ಒಬ್ಬಾಕೆ ಬರೀ ಆರು ಕಟ್ಟು ಸೊಪ್ಪು ಇಟ್ಟುಕೊಂಡು ಕೂತಿದ್ದರು. ಆರು ಕಟ್ಟು ಮುಗಿದ ಕೂಡಲೇ ಎದ್ದು ಹೋದರು. ನಮ್ಮೂರ ಸಂತೆಯಲ್ಲೂ ಇಂಥವರು ಇದ್ದಾರೆ ಅಲ್ವಾ? ನನಗೆ ಅವರ ಹತ್ತಿರ ಕೊಳ್ಳುವುದೇ ಇಷ್ಟ.

ವಾಸನೆಯ ವಿಷಯ ನೇರವಾಗಿ ಹೇಳುತ್ತೇನೆ. ಜೀವಂತ ಕಪ್ಪೆ ಇರುತ್ತದೆ. ಮೇಕಾಂಗ್‌ನ ಮೀನು ತೊಟ್ಟಿಯಲ್ಲಿ ಒದ್ದಾಡುತ್ತಿರುತ್ತದೆ. ಎಮ್ಮೆ ಚರ್ಮ ಒಣಗಿಸಿ ಪಟ್ಟಿ ಪಟ್ಟಿ ಇಟ್ಟಿರುತ್ತಾರೆ. ಸುಟ್ಟ ಇಲಿಯನ್ನೂ ಕಂಡಿದ್ದೇನೆ. ಪದೇಕ್ ಅನ್ನುವ ಕಳಿತ ಮೀನಿನ ಜಾಡಿ ತೆರೆದರೆ ಒಣಮೀನಿನ ಊರಲ್ಲಿ ಬೆಳೆದ ನನಗೇ ಒಂದು ಕ್ಷಣ ಉಸಿರು ನಿಂತಿತು. ಅಮ್ಮನಿಗೆ ಮೊದಲೇ ಹೇಳಿ ಕರೆದುಕೊಂಡು ಹೋಗಿ. ಇದು ಅವರ ಅಡುಗೆಮನೆ. ಮೂಗು ಮುಚ್ಚಿಕೊಂಡು ಓಡಾಡಿದರೆ ಕೂತವರಿಗೆ ನೋವಾಗುತ್ತದೆ.

ಇನ್ನು ಒಳ್ಳೆ ಸುದ್ದಿ. ಸಂತೆಯಲ್ಲಿ ಮುಂದೆ ಹೋದರೆ ಒಬ್ಬರು ಇದ್ದಿಲ ಒಲೆಯ ಮೇಲೆ ಗುಳಿಗುಳಿ ಇರುವ ಕಾವಲಿ ಇಟ್ಟಿರುತ್ತಾರೆ. ನೋಡಿದ ಕೂಡಲೇ ಗೊತ್ತಾಗುತ್ತದೆ, ಅದು ನಮ್ಮ ಪಡ್ಡಿನ ಕಾವಲಿಯೇ! ಅಕ್ಕಿ ಹಿಟ್ಟು, ತೆಂಗಿನ ಹಾಲು, ಸ್ವಲ್ಪ ಸಕ್ಕರೆ. ಹೆಸರು ಖಾವ್ ನೋಮ್ ಕೋಕ್. ಹೊರಗೆ ಗರಿಗರಿ, ಒಳಗೆ ಇನ್ನೂ ಹಾಲಾಗಿಯೇ ಇರುತ್ತದೆ. ನಾವು ಪಡ್ಡನ್ನು ತಿರುವಿ ಹಾಕುತ್ತೇವೆ. ಅವರು ತಿರುವುವುದಿಲ್ಲ. ಎರಡು ಅರ್ಧವನ್ನು ಚಮಚದಲ್ಲಿ ಎತ್ತಿ ಒಂದರ ಮೇಲೊಂದು ಕೂರಿಸುತ್ತಾರೆ. ಬಾಳೆ ಎಲೆಯ ದೊನ್ನೆಯಲ್ಲಿ ಕೊಡುತ್ತಾರೆ. ಈರುಳ್ಳಿ ಸೊಪ್ಪು ಬೇಡವಾದರೆ ಕೈ ಆಡಿಸಿ ಹೇಳಿ.

ಬಾಳೆ ಎಲೆಯಲ್ಲಿ ಸುತ್ತಿ ಬೇಯಿಸಿದ ಅಂಟಕ್ಕಿಯೂ ಸಿಗುತ್ತದೆ, ಖಾವ್ ತೋಮ್ ಅಂತ. ಕೆಲವದರಲ್ಲಿ ಬಾಳೆಹಣ್ಣು, ಕೆಲವದರಲ್ಲಿ ಹಂದಿ ಮಾಂಸ. ಕೇಳಿಯೇ ತೆಗೆದುಕೊಳ್ಳಿ. "ಬೋ ಸೈ ಸೀನ್" ಅಂದರೆ ಮಾಂಸ ಹಾಕಬೇಡಿ. "ಬೋ ಸೈ ನಾಮ್ ಪಾ" ಅಂದರೆ ಮೀನಿನ ಸಾರ ಹಾಕಬೇಡಿ. ಎರಡನೆಯದನ್ನು ಹೇಳದಿದ್ದರೆ ಮೊದಲನೆಯದು ಹೇಳಿ ಪ್ರಯೋಜನ ಇಲ್ಲ. "ಕಿನ್ ಜೇ" ಅಂದರೆ ಸಸ್ಯಾಹಾರ. ಇದೊಂದನ್ನು ಅಮ್ಮನಿಗೂ ಕಲಿಸಿಬಿಡಿ.

ಖಾಯ್ ಪೆನ್ ಮರೆಯಬೇಡಿ. ಬೇಸಗೆ ಬರುವ ಮೊದಲು, ನದಿಯ ನೀರು ತಿಳಿಯಾದಾಗ, ಕಲ್ಲಿಗೆ ಅಂಟಿದ ಪಾಚಿಯನ್ನು ಕಿತ್ತು ತೊಳೆದು ಬಡಿದು ಹಾಳೆಯ ಹಾಗೆ ಹರಡುತ್ತಾರೆ. ಮೇಲೆ ಎಳ್ಳು, ಟೊಮೆಟೊ ಬಿಲ್ಲೆ, ಬೆಳ್ಳುಳ್ಳಿ. ಬಿಸಿಲಿಗೆ ಒಣಗಿಸುತ್ತಾರೆ. ಎಣ್ಣೆಯಲ್ಲಿ ಒಂದು ಕ್ಷಣ ಹಾಕಿ ತೆಗೆದರೆ ಸಾಕು, ಹಪ್ಪಳವೇ. ಆದರೆ ಜೊತೆಗೆ ಕೊಡುವ ಜೇವ್ ಬಾಂಗ್ ಚಟ್ನಿಯಲ್ಲಿ ಎಮ್ಮೆ ಚರ್ಮ ಇರುತ್ತದೆ. ಅಮ್ಮನಿಗೆ ಅದು ಬೇಡ.

ಹಳೇ ಜಗಲಿ

ಸಂತೆಯ ಮಾತು ಚೆನ್ನಾಗಿದೆ. ನಾನು ಭಿಕ್ಷೆಯ ವಿಷಯಕ್ಕೆ ವಾಪಸ್ ಬರುತ್ತೇನೆ. ತುಂಗಾತೀರ ಅವರೇ, ನಿಮ್ಮ ಮೊದಲ ದಿನದ ತಪ್ಪನ್ನು ಮುಚ್ಚಿಡದೆ ಹೇಳಿದ್ದೀರಿ, ಅದಕ್ಕೆ ಗೌರವ. ಆದರೆ ಮೂರನೇ ದಿನ ನೀವು ಕೊಟ್ಟಿದ್ದೂ ಬೇಕಿತ್ತಾ? ನನ್ನ ಪ್ರಕಾರ ಪ್ರವಾಸಿಗಳು ಕೊಡಲೇಬಾರದು. ದೂರ ನಿಂತು ನೋಡಲಿ, ಇಲ್ಲವೇ ಮಲಗಲಿ.

ನಾನು ಹುಡುಗನಾಗಿದ್ದಾಗ ನಮ್ಮ ಮನೆಗೆ ಜಂಗಮರು ಜೋಳಿಗೆ ಹಿಡಿದು ಭಿಕ್ಷೆಗೆ ಬರುತ್ತಿದ್ದರು. ಅಜ್ಜಿ ಸ್ನಾನ ಮಾಡಿಕೊಂಡು ಮೊರದಲ್ಲಿ ಜೋಳ ತಂದು ಹಾಕುತ್ತಿದ್ದರು. ಅಜ್ಜಿ ಕೊಡುತ್ತಿದ್ದದ್ದು ನಮ್ಮ ಹೊಲದ್ದು. ಆ ಜಂಗಮರಿಗೆ ನಮ್ಮ ಮನೆಯ ಮದುವೆ, ಸಾವು ಎಲ್ಲಾ ಗೊತ್ತಿತ್ತು. ಈಗ ಯಾರೋ ಬಸ್ಸಿನಲ್ಲಿ ಬಂದು, ನಮ್ಮ ಜಗಲಿ ಮೇಲೆ ಕೂತು, ಫೋಟೋ ತೆಗೆಸಿಕೊಂಡು ಜೋಳ ಹಾಕಿ ಹೋದರೆ? ಅಜ್ಜಿ ಏನೂ ಅನ್ನುತ್ತಿರಲಿಲ್ಲ. ಆದರೆ ಮಾರನೇ ದಿನ ಬಾಗಿಲು ಹಾಕಿಕೊಳ್ಳುತ್ತಿದ್ದರು. ಲುವಾಂಗ್ ಪ್ರಬಾಂಗ್‌ನಲ್ಲೂ ಅದೇ ಆಗುತ್ತಿದೆ. ದೊಡ್ಡ ಬೀದಿಯಲ್ಲಿ ಊರಿನವರಿಗಿಂತ ಹೊರಗಿನವರೇ ಜಾಸ್ತಿ ಕೂತಿರುವುದನ್ನು ನಾನೇ ಕಂಡಿದ್ದೇನೆ.

ತುಂಗಾತೀರ

ನಿಮ್ಮ ಅಜ್ಜಿಯ ಮಾತು ಎರಡು ಸಲ ಓದಿದೆ. ದೊಡ್ಡ ಬೀದಿಯ ವಿಷಯದಲ್ಲಿ ನೀವು ಹೇಳಿದ್ದು ನಿಜ. ಮಕ್ಕಳ ಮುಖಕ್ಕೇ ಫ್ಲ್ಯಾಶ್ ಹೊಡೆಯುತ್ತಾರೆ. ಸಾಲಿನ ನಡುವೆ ನುಗ್ಗುತ್ತಾರೆ. ಇದನ್ನೆಲ್ಲ ಮಾಡಬೇಡಿ ಅಂತ ವತ್‌ಗಳ ಮುಂದೆ ಫಲಕ ಹಾಕಿದ್ದಾರೆ, ಆದರೂ ನಿಂತಿಲ್ಲ.

ಆದರೆ ನನ್ನನ್ನು ಕೂರಿಸಿದ್ದು ಆ ಮನೆಯವರು. ನಾನು ಕೇಳಲಿಲ್ಲ. ಅವರ ಮನೆಯ ಬಾಗಿಲು, ಅವರ ಚಾಪೆ, ಅವರ ಅನ್ನ. ಕೈ ಮಾತ್ರ ನನ್ನದು. ಪಕ್ಕದಲ್ಲಿ ಅವರ ಅತ್ತೆ ಕೂತಿದ್ದರು, ತುಂಬಾ ವಯಸ್ಸಾದವರು. ನನ್ನ ಬೆರಳಿಗೆ ಅನ್ನ ಅಂಟಿ ಬಿಡಲಿಲ್ಲ, ಒಬ್ಬ ಭಿಕ್ಷು ಖಾಲಿ ಪಾತ್ರೆಯಲ್ಲೇ ಮುಂದೆ ಹೋದರು. ಆ ಅಜ್ಜಿ ನನ್ನ ಕಡೆ ತಿರುಗಲೇ ಇಲ್ಲ. ತಮ್ಮ ಕೈಯನ್ನು ಮಾತ್ರ ನಿಧಾನ ಮಾಡಿದರು. ಮೂರು ಬೆರಳು, ಬುಟ್ಟಿಯ ಅಂಚಿಗೆ ಒಮ್ಮೆ ಒತ್ತಿ, ಸಣ್ಣ ಉಂಡೆ, ಬಿಡು. ಪಾತ್ರೆಗೆ ಕೈ ತಗಲಬಾರದು. ನಾನು ನೋಡಿ ಕಲಿತೆ.

ಕೊನೆಗೆ ಬುಟ್ಟಿಯಲ್ಲಿ ಉಳಿದ ಒಂದು ಚೂರನ್ನು ಅವರು ವತ್‌ನ ಗೋಡೆಯ ಮೇಲೆ ಇಟ್ಟು ಕೈ ಮುಗಿದರು. ನಮ್ಮಲ್ಲಿ ಕಾಗೆಗೆ ಇಡುತ್ತೇವಲ್ಲ, ಅದೇ ನೆನಪಾಯಿತು.

ಇನ್ನೊಂದು ಕಂಡೆ. ಬಡ ಮಕ್ಕಳು ಕೆಲವರು ಖಾಲಿ ಬುಟ್ಟಿ ಹಿಡಿದು ಸಾಲಿನ ಪಕ್ಕದಲ್ಲೇ ಕೂತಿರುತ್ತಾರೆ. ಭಿಕ್ಷುಗಳು ತಮಗೆ ಬಂದ ಅನ್ನವನ್ನೇ ತೆಗೆದು ಅವರ ಬುಟ್ಟಿಗೆ ಹಾಕಿ ಹೋಗುತ್ತಾರೆ. ಇಸಿದುಕೊಂಡವರೇ ಕೊಡುವವರೂ ಆಗಿದ್ದಾರೆ.

ಕರೆಯದೆ ಕೂರಬಾರದು ಅನ್ನುವುದಾದರೆ ಒಪ್ಪುತ್ತೇನೆ. ಯಾರೂ ಕೂರಲೇಬಾರದು ಅಂದರೆ ಒಪ್ಪಲಾರೆ.

ನೀಲಿ ಛತ್ರಿ

ನಾನು 2016ರಿಂದ ಬ್ಯಾಂಕಾಕ್‌ನಲ್ಲಿದ್ದೇನೆ. ಲುವಾಂಗ್ ಪ್ರಬಾಂಗ್‌ಗೆ ನಾಲ್ಕು ಸಲ ಹೋಗಿದ್ದೇನೆ. ಒಂದೆರಡು ವಿಷಯ ಸೇರಿಸುತ್ತೇನೆ.

ನಮಗೆ ಅಲ್ಲಿನ ಮಾತು ಪೂರ್ತಿ ಪರಕೀಯ ಅಲ್ಲ. ಬಾತ್ ಅಂದರೆ ಪಾತ್ರೆ, ಪಾಳಿ ಭಾಷೆಯ ಪತ್ತದಿಂದ ಬಂದದ್ದು. ಹಬ್ಬಕ್ಕೆ ಬುನ್ ಅನ್ನುತ್ತಾರೆ, ಅದು ಪುಣ್ಯ. ಎಳೆಯ ಭಿಕ್ಷುವಿಗೆ ನೇನ್, ಅದು ಸಾಮಣೇರ. ಹುಣ್ಣಿಮೆ, ಅಮಾವಾಸ್ಯೆ ಮತ್ತು ಎರಡು ಅಷ್ಟಮಿ ವನ್ ಸಿನ್, ಅಂದರೆ ಶೀಲದ ದಿನ. ಅವತ್ತು ಊರಿನವರೇ ಜಾಸ್ತಿ ಬರುತ್ತಾರೆ. ಹಿಂದಿನ ಸಂಜೆ ಸಂತೆಯಲ್ಲಿ ಚೆಂಡುಹೂವು ರಾಶಿ ಬೀಳುತ್ತದೆ. ಬಾಳೆ ಎಲೆಯನ್ನು ಗೋಪುರದ ಹಾಗೆ ಮಡಿಸಿ, ಮೈ ತುಂಬಾ ಚೆಂಡುಹೂವು ಸಿಕ್ಕಿಸಿದ ಮಾಕ್ ಬೆಂಗ್ ಮಾರುತ್ತಾರೆ. ಪ್ರವಾಸಿ ಏನಾದರೂ ಕೊಡಲೇಬೇಕು ಅನ್ನಿಸಿದರೆ ಒಂದು ಮಾಕ್ ಬೆಂಗ್ ಕೊಂಡು ಗುಡಿಯಲ್ಲಿ ಇಡಲಿ. ಅದರಿಂದ ಯಾರಿಗೂ ಹೊಟ್ಟೆ ಕೆಡುವುದಿಲ್ಲ.

ಬೀದಿಯಲ್ಲಿ ಬೀಳುವುದು ಮುಖ್ಯವಾಗಿ ಅನ್ನ ಮಾತ್ರ. ಪಲ್ಯ, ಸಾರನ್ನು ಮನೆಯವರು ಆಮೇಲೆ ವತ್‌ಗೇ ಒಯ್ದು ಕೊಡುತ್ತಾರೆ. ಇದು ಎಷ್ಟೋ ಜನರ ಕಣ್ಣಿಗೆ ಬೀಳುವುದಿಲ್ಲ. ಆರೂವರೆಗೆ ಎಲ್ಲಾ ಮುಗಿಯಿತು ಅಂತ ಹೊರಟುಬಿಡುತ್ತಾರೆ. ಅದೇ ಹೆಂಗಸರು ಸಂತೆಗೆ ಹೋಗಿ, ಅಡುಗೆ ಮಾಡಿ, ಕ್ಯಾರಿಯರ್ ಹಿಡಿದು ಮತ್ತೆ ಬರುತ್ತಾರೆ. ಸಂತೆ ಬೇರೆ, ಭಿಕ್ಷೆ ಬೇರೆ ಅಲ್ಲ. ಒಂದೇ ಬೆಳಗಿನ ಎರಡು ತುದಿ.

ವತ್ ಮೈ ಗುಡಿಯ ಮುಂಭಾಗ ನೋಡಿ. ಚಿನ್ನದ ಬಣ್ಣದ ಉಬ್ಬು ಚಿತ್ರ. ಅದು ವೆಸ್ಸಂತರನ ಕಥೆ, ಬುದ್ಧನಾಗುವ ಮೊದಲಿನ ಜನ್ಮದ್ದು. ಕೇಳಿದವರಿಗೆಲ್ಲ ಕೊಟ್ಟ ರಾಜಕುಮಾರ. ಮಳೆ ತರುವ ಬಿಳಿ ಆನೆ ಕೊಟ್ಟ. ಕೊನೆಗೆ ಮಕ್ಕಳನ್ನೂ ಹೆಂಡತಿಯನ್ನೂ ಕೊಟ್ಟ. ನನಗೆ ಮಕ್ಕಳನ್ನು ಕೊಡುವ ಜಾಗ ಇವತ್ತಿಗೂ ಕಷ್ಟವೇ. ಅವನ ಕಥೆಯ ಕೆಳಗೆ ನಿಂತರೆ ಪಕ್ಕದ ಓಣಿಯಲ್ಲಿ ತಕ್ಕಡಿ ಸದ್ದು ಕೇಳುತ್ತಿತ್ತು.

ಏಪ್ರಿಲ್‌ನಲ್ಲಿ, ನಮ್ಮ ಸೌರಮಾನ ಯುಗಾದಿಯ ಹೊತ್ತಿಗೆ, ಅವರಿಗೂ ಹೊಸ ವರ್ಷ. ಆಗ ಊರಿಗೆ ಹೆಸರು ಕೊಟ್ಟ ಫ್ರಾ ಬಾಂಗ್ ಬುದ್ಧನನ್ನು ಅರಮನೆಯಿಂದ ಇದೇ ವತ್ ಮೈಗೆ ಮೆರವಣಿಗೆಯಲ್ಲಿ ತರುತ್ತಾರೆ. ಜನ ಹೂವಿನ ನೀರಿನಿಂದ ಸ್ನಾನ ಮಾಡಿಸುತ್ತಾರೆ. ನಿಂತ ಮೂರ್ತಿ, ಎರಡೂ ಅಂಗೈ ಮುಂದೆ, ಹೆದರಬೇಡಿ ಅನ್ನುವ ಹಾಗೆ.

ದಾರಿ: ಡಿಸೆಂಬರ್ 2021ರಲ್ಲಿ ರೈಲು ಬಂದ ಮೇಲೆ ರಾಜಧಾನಿ ವಿಯೆಂಟಿಯಾನ್‌ನಿಂದ ಸುಮಾರು ಎರಡು ಗಂಟೆ. ಸ್ಟೇಷನ್ ಊರ ಹೊರಗೆ, ವ್ಯಾನ್ ಸಿಗುತ್ತದೆ.

ಹಳೇ ಜಗಲಿ

ಮಾಕ್ ಬೆಂಗ್ ಮಾತು ಒಪ್ಪಿದೆ.

ಒಂದು ಇತಿಹಾಸ ಹೇಳಿ ಸುಮ್ಮನಾಗುತ್ತೇನೆ. 1975ರಲ್ಲಿ ರಾಜರ ಆಳ್ವಿಕೆ ಹೋಗಿ ಹೊಸ ಸರ್ಕಾರ ಬಂದ ಮೇಲೆ ಭಿಕ್ಷುಗಳಿಗೆ ಅನ್ನ ಕೊಡುವುದಕ್ಕೇ ತಡೆ ಬಿತ್ತು. ಭಿಕ್ಷುಗಳೂ ದುಡಿದು ತಿನ್ನಲಿ ಅನ್ನುವುದು ಅವರ ವಾದ. ಜನ ಒಪ್ಪಲಿಲ್ಲ, ಆ ತಡೆ ಹೆಚ್ಚು ಕಾಲ ನಿಲ್ಲಲಿಲ್ಲ. ಸರ್ಕಾರಕ್ಕೆ ಬಗ್ಗದೆ ಉಳಿದದ್ದು ಇವತ್ತು ಕ್ಯಾಮೆರಾಗಳಿಂದ ಹಾಳಾದರೆ? ನನ್ನ ಸಂಕಟ ಅದೇ.

ಬೆಳಗಿನ ಬಸ್ಸು

ಸಾಲಿನ ಕೊನೆಗೆ ಬರುವ ಹುಡುಗರ ಬಗ್ಗೆ ಯಾರೂ ಬರೆದಿಲ್ಲ. ನಾನು ಮೇಷ್ಟ್ರು, ನನ್ನ ಕಣ್ಣು ಅಲ್ಲಿಗೇ ಹೋಗುತ್ತದೆ. ಅವರಲ್ಲಿ ತುಂಬಾ ಜನ ದೂರದ ಹಳ್ಳಿಗಳ ಬಡ ಮನೆಯ ಮಕ್ಕಳು. ಓದಲು ಬೇರೆ ದಾರಿ ಇಲ್ಲದೆ ವತ್‌ಗೆ ಸೇರುತ್ತಾರೆ. ಊಟ, ವಾಸ, ಶಾಲೆ ಮೂರೂ ಸಿಗುತ್ತದೆ. ನಮ್ಮ ಮಠಗಳ ಹಾಸ್ಟೆಲಿನಲ್ಲಿ ಓದಿದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ನಾನೂ ಹಾಗೇ ಓದಿದವನು.

ಬಿಗ್ ಬ್ರದರ್ ಮೌಸ್ ಅಂತ ಒಂದು ಸಂಸ್ಥೆ ಹಳೇ ಊರಲ್ಲೇ ಇದೆ. ಲಾವೋ ಭಾಷೆಯಲ್ಲಿ ಮಕ್ಕಳ ಪುಸ್ತಕ ಮಾಡುತ್ತಾರೆ. ಅಲ್ಲಿಗೆ ಬರುವ ಹುಡುಗರ ಜೊತೆ ಪ್ರವಾಸಿಗಳು ಕೂತು ಇಂಗ್ಲಿಷ್ ಮಾತಾಡಬಹುದು. ಕಾವಿ ತೊಟ್ಟ ಒಬ್ಬ ಹುಡುಗ ನನಗೆ ಎದುರಾಗಿ ಕೂತ. ಹದಿನಾರು ವರ್ಷ. ನಾನು ಬೆಳಗಿನ ಭಿಕ್ಷೆಯ ಬಗ್ಗೆ ಕೇಳಿದೆ. ಅವನು ಚಳಿಗಾಲದಲ್ಲಿ ಕಲ್ಲು ಕಾಲಿಗೆ ತುಂಬಾ ತಣ್ಣಗಿರುತ್ತದೆ ಅಂದ. ಆಮೇಲೆ ಭೂತಕಾಲದ ಕ್ರಿಯಾಪದಗಳ ಪಟ್ಟಿ ತೆಗೆದ. ಒಂದು ಗಂಟೆ ಅದನ್ನೇ ಮಾಡಿದೆವು. ಪ್ರವಾಸಿಗಳಿಗೆ ಕೊಡಬೇಕು ಅನ್ನಿಸಿದರೆ ಈ ಒಂದು ಗಂಟೆ ಕೊಡಿ.

ಅಕ್ಕಿರೊಟ್ಟಿ

ಎಲ್ಲರಿಗೂ ನಮಸ್ಕಾರ. ಹೋಗಿ ಬಂದೆವು. ತಡವಾಗಿ ಬರೆಯುತ್ತಿದ್ದೇನೆ.

ಅನ್ನ ಕೊಡಲಿಲ್ಲ. ಮೂರು ದಿನವೂ ಒಳಗಿನ ಒಂದು ಸಣ್ಣ ಬೀದಿಯಲ್ಲಿ, ರಸ್ತೆಯ ಆಚೆ ನಿಂತೆವು. ಮಂಜು ಎಷ್ಟಿತ್ತು ಅಂದರೆ ಮೊದಲು ಬಣ್ಣ ಕಾಣುತ್ತಿತ್ತು, ಆಮೇಲೆ ಮನುಷ್ಯರು. ಅಮ್ಮ ಸೆರಗು ತಲೆಯ ಮೇಲೆ ಎಳೆದುಕೊಂಡು ಚಪ್ಪಲಿ ಬಿಟ್ಟು ನಿಂತರು. ನಾನು ಹೇಳಿರಲಿಲ್ಲ.

ಸಂತೆಯಲ್ಲಿ ಕಪ್ಪೆಗಳ ಹತ್ತಿರ ಅಮ್ಮ ನನ್ನ ಕೈ ಗಟ್ಟಿಯಾಗಿ ಹಿಡಿದರು, ಆದರೆ ಮೂಗು ಮುಚ್ಚಲಿಲ್ಲ. ಪಡ್ಡಿನ ಒಲೆ ಕಂಡ ಮೇಲೆ ಅಲ್ಲಿಂದ ಕದಲಲಿಲ್ಲ. ಭಾಷೆ ಬರುವುದಿಲ್ಲ. ಕೈ ತೋರಿಸಿ, ಯಾಕೆ ತಿರುವಿ ಹಾಕುವುದಿಲ್ಲ ಅಂತ ಕೇಳಿದರು, ಕನ್ನಡದಲ್ಲೇ. ಮಾರುವಾಕೆ ನಕ್ಕು ಚಮಚವನ್ನು ಅಮ್ಮನ ಕೈಗೆ ಕೊಟ್ಟರು. ಅಮ್ಮ ಒಂದನ್ನು ತಿರುವಿದರು. ಒಳಗಿನ ತೆಂಗಿನ ಹಾಲು ಕಾವಲಿ ಮೇಲೆ ಹರಿದು ಚುರ್ ಅಂತು. ಆಕೆ ಅದನ್ನು ಎತ್ತಿ ತಾವೇ ತಿಂದರು, ಇನ್ನೆರಡು ಜಾಸ್ತಿ ಹಾಕಿ ದೊನ್ನೆ ಕೊಟ್ಟರು.

ಮಾಕ್ ಬೆಂಗ್ ಕೊಂಡು ವತ್ ಮೈಯಲ್ಲಿ ಇಟ್ಟೆವು. ವೆಸ್ಸಂತರನ ಕಥೆ ಹೇಳಿದೆ. ಮಕ್ಕಳನ್ನು ಕೊಟ್ಟ ಅಂದಾಗ ಅಮ್ಮ, ಆ ತಾಯಿ ಆಗ ಎಲ್ಲಿದ್ದಳು ಅಂತ ಕೇಳಿದರು. ಹಣ್ಣು ತರಲು ಕಾಡಿಗೆ ಹೋಗಿದ್ದಳಂತೆ ಅಂದೆ. ಅಮ್ಮ ತುಂಬಾ ಹೊತ್ತು ಆ ಚಿತ್ರಗಳಲ್ಲಿ ಅವಳನ್ನೇ ಹುಡುಕಿದರು.

ಕರಾವಳಿ ಕಾಗೆ ಅವರೇ, ಒಂದು ಕೇಳಬೇಕು. ಖಾಯ್ ಪೆನ್ ಎರಡು ಕಟ್ಟು ತಂದಿದ್ದೇನೆ. ಅರ್ಧ ಕರಿದೆ, ಸೀದು ಕಹಿಯಾಯಿತು. ಎಣ್ಣೆ ಎಷ್ಟು ಕಾಯಬೇಕು?

ಕರಾವಳಿ ಕಾಗೆ

ಹೊಗೆ ಬರುವಷ್ಟು ಬೇಡ. ಕಡ್ಡಿಗೆ ಒಂದು ಚೂರು ಸಿಕ್ಕಿಸಿ ಮುಳುಗಿಸಿ, ಮೂರು ಎಣಿಸುವುದರೊಳಗೆ ತೆಗೆಯಿರಿ. ಬಣ್ಣ ಕಡು ಹಸಿರಿನಲ್ಲೇ ಇರಬೇಕು. ಉಳಿದದ್ದನ್ನು ಕರಿಯಲೇ ಬೇಡಿ, ಸಣ್ಣ ಕೆಂಡದ ಮೇಲೆ ಹಿಡಿಯಿರಿ. ಹಾಗೂ ಚೆನ್ನಾಗಿರುತ್ತದೆ.